ಕಾಪು ಕಾಗೆಯ ಹೊಸ ಕ್ಯಾಸೆಟ್

ಪರ್ಕಳ
11 ಜೂನ್ 1979

ಸ್ಟ್ಯಾನಿ,

ಹೇಳದೆ ಕೇಳದೆ ಬೊಂಬಾಯಿ ಬಸ್ಸು ಹತ್ತಿದೆಯಲ್ಲ, ನಿನಗೆ ನಾಚಿಕೆ ಎಂಬುದು ಉಂಟಾ? ಶನಿವಾರ ನಾನು ರೇಡಿಯೋ ಅಂಗಡಿಯ ಬಾಗಿಲು ಎಳೆದು, ಹಿಂದಿನ ಕೋಣೆಗೆ ಕಂಬಳಿ ಕಟ್ಟಿ, ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸಿ ಕಾದು ಕೂತಿದ್ದೆ. ನಿನ್ನ ಅಪ್ಪ ಇಮ್ಯಾನುಯೆಲ್ ಪೊರ್ಬುಗಳು ಮಣ್ಣಿನ ಗುಮಟೆಯನ್ನು ಹಳೆ ಲುಂಗಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಕಾಪುವಿನಿಂದ ಬಸ್ಸು ಬದಲಿಸಿ ಬಂದರು. ಬಾರಿಸುವವರು ಬಂದರು, ಹೇಳುವವನಿಲ್ಲ. ಗಂಟಲಲ್ಲಿ ಗಂಟು ಎದ್ದಿದೆ, ದೊಡ್ಡ ಡಾಕ್ಟರಿಗೆ ತೋರಿಸಲು ಹೋದ ಎಂದು ಅವರ ಬಾಯಿಂದ ನಾನು ಕೇಳಬೇಕಾಯಿತು.

ಇಲ್ಲಿ ಎಲ್ಲರಿಗೂ ನಾನು ಎಂತ ಹೇಳುವುದು? ಮಣಿಪಾಲದ ಹಾಸ್ಟೆಲಿನ ಹುಡುಗರು ನಿನ್ನೆ ಬಂದು ಕೇಳುತ್ತಾರೆ: "ಅಣ್ಣಾ, ಹಾಡೂ ಅಲ್ಲದ ಮಾತೂ ಅಲ್ಲದ, ಗುಮಟೆಯ ಪೆಟ್ಟಿಗೆ ಸರಿಯಾಗಿ ಬೈಯುವ ಆ ಕಾಪು ಕಾಗೆಯ ಹೊಸ ಕ್ಯಾಸೆಟ್ ಉಂಟಾ? ಯಾರದು ಆ ಜನ?" ನಿನ್ನ ಹೆಸರು ಹೇಳದೆ, ನನಗೆಂತ ಗೊತ್ತು ಮಾರಾಯ, ನಾನು ರೇಡಿಯೋ ರಿಪೇರಿಯವ ಎಂದೆ. ಕಲ್ಯಾಣಪುರದ ಬರ್ತಾ ಬಾಯಿ ಬಹರೈನಿನ ಮಗನಿಗೆ ಕಳಿಸಲು ಮನೆಯವರ ಮಾತು ತುಂಬಿದ ಕ್ಯಾಸೆಟ್ ತಂದಿದ್ದರು. ಮುಂಬದಿಯಲ್ಲಿ ತಾಯಿಯ ಅಳು, ತಂಗಿಯ ಪರೀಕ್ಷೆ, ನಾಯಿ ಸತ್ತ ಸುದ್ದಿ. ಹಿಂಬದಿಗೆ ಎಂದಿನ ಹಾಗೆ "ಅದೊಂದು ತುಂಬಿಸಿ" ಎಂದರು. ಹೊಸದಿಲ್ಲದೆ ಹಳೆಯದನ್ನೇ ತುಂಬಿಸಿದೆ. ಕಾರ್ಕಳದ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ ಈಗಲೂ ಅದನ್ನೇ ಹೇಳುತ್ತಾನೆ:

ಧನಿಯ ಬಂಗ್ಲೆಗೆ ಅತ್ತರಿನ ಗಾಳಿ,
ನಮ್ಮ ಬಾವಿಗೆ ಬೂತಾಯಿ ಪಾಳಿ,
ಕೊಡಪಾನ ಇಳಿಸಿದ್ರೆ ಎಣ್ಣೆಯ ಹಾಳೆ,
ಇವತ್ತಿನ ಗಂಜಿಗೆ ಹುಳ ಬೀಳೋದು ನಾಳೆ.

ಆ ಬೂತಾಯಿ ಮೀನಿನ ಎಣ್ಣೆ ಈಗ ಇನ್ನೂ ದಪ್ಪಗೆ ತೇಲುತ್ತಿದೆ. ಎಡ್ಮಂಡ್ ಧನಿಯ ಮೀನುಪುಡಿ ಫ್ಯಾಕ್ಟರಿಯ ಮೋರಿ ನಿಮ್ಮ ಓಣಿಯ ಬಾವಿಯ ಬದಿಯಲ್ಲೇ ಹರಿಯುತ್ತದೆ. ಮೊನ್ನೆ ಕಾಪುವಿಗೆ ಹೋದವನು ಮೂಗಿಗೆ ಟವೆಲ್ ಒತ್ತಿಕೊಂಡೇ ವಾಪಸು ಬಂದೆ. ಥೂ! ಅಂಗಿ ಒಗೆದರೂ ವಾಸನೆ ಹೋಗಲಿಲ್ಲ. ಬೇಗ ಗುಣವಾಗಿ ಬಾ. ಬೈಯುವ ಕೆಲಸ ತುಂಬ ಉಳಿದಿದೆ.

ದಾಮೋದರ


ಬೊಂಬಾಯಿ
3 ಆಗಸ್ಟ್ 1979

ಪ್ರೀತಿಯ ದಾಮು,

ಸಿಟ್ಟಾಗಬೇಡ ಮಾರಾಯ. ಡಾಕ್ಟರ್ ಖಡಾಖಂಡಿತ ಹೇಳಿದ್ದಾರೆ: ಮಾತು ಕಡಿಮೆ, ಹಾಡು ಬಂದ್. ಜೋರಾಗಿ ಬೈದರೆ ಇದ್ದ ಸ್ವರವೂ ಹೋಗುತ್ತದಂತೆ. ಇಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆ. ಬಾಯಿ ಬಿಡದೆ ಮಾಡುವ ಕೆಲಸ, ನನಗೆ ಹೇಳಿ ಮಾಡಿಸಿದ ಹಾಗೆ.

ಪಪ್ಪನಿಗೆ ಧೈರ್ಯ ಹೇಳು. ನನಗೆ ಊರಿನ ಸುದ್ದಿ ಬರೆಯುತ್ತಿರು. ದೊಡ್ಡ ಸುದ್ದಿ ಬೇಡ, ಅದು ಪೇಪರಿನಲ್ಲಿ ಬರುತ್ತದೆ. ಯಾರ ಮನೆಯಲ್ಲಿ ಎಂತ ಆಯಿತು, ಯಾರು ಎಂತ ಹೇಳಿದರು, ಅದನ್ನೆಲ್ಲ ಬರೆ. ಅಪೊಲಿನ್ ಮಾವ್ಶಿ ಹೇಗಿದ್ದಾರೆ? ಅಮ್ಮ ಸತ್ತ ಮೇಲೆ ಅವರ ಅಡಿಗೆಮನೆಯಲ್ಲೇ ಅಲ್ವಾ ನಾನು ಬೆಳೆದದ್ದು. ಒಂದು ದಿನ ಸ್ವರ ಬಂದರೆ ಈ ಸುದ್ದಿಯೆಲ್ಲ ನನಗೆ ಬೇಕಾಗುತ್ತದೆ.

ನಿನ್ನ
ಸ್ಟ್ಯಾನಿ


ಪರ್ಕಳ
19 ಜನವರಿ 1981

ಸ್ಟ್ಯಾನಿ,

ಜ್ಯೇಷ್ಠಮಧು, ಕಾಳುಮೆಣಸು, ಕಲ್ಲುಸಕ್ಕರೆ ಪುಡಿ ಮಾಡಿ ನನ್ನ ಅಮ್ಮ ಕಳಿಸಿದ್ದಾರೆ. ಬಿಸಿನೀರಿಗೆ ಹಾಕಿ ಕುಡಿ. ನಿನ್ನ ಅಪ್ಪ ನಿನ್ನ ಗಂಟಲಿಗಾಗಿ ಅತ್ತೂರು ಇಗರ್ಜಿಗೆ ಹರಕೆ ಹೇಳಿಕೊಂಡು, ಬೀಡಿ ಬಿಟ್ಟಿದ್ದಾರೆ. ಬೀಡಿ ಬಿಟ್ಟವರಿಗೆ ಬರುವ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸುತ್ತಾರೆ.

ನೀನು ಕೇಳಿದ ಸುದ್ದಿ ಬರೆಯುವುದಕ್ಕೇ ಹೇಸಿಗೆಯಾಗುತ್ತದೆ. ನಿನ್ನ ಮಾವ್ಶಿ ಅಪೊಲೋನಿಯಾ ಬಾಯಿಯ ಮಗಳು ಆಲಿಸಳನ್ನು ನೋಡಲು ಶಂಕರಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಜನ, ಮಾತುಕತೆ ಮುಗಿದ ಹಾಗೆಯೇ. ಪಾಪ, ಬಾಯಿ ಅವತ್ತು ದೂರದ ಬಾವಿಯಿಂದ ನೀರು ತರಿಸಿದ್ದರು. ಆದರೆ ಲೋಟಗಳನ್ನು ತೊಳೆದದ್ದು ಮನೆಯೆದುರಿನ ಆ ಓಣಿಯ ಬಾವಿಯ ನೀರಲ್ಲಿ. ಹುಡುಗ ಚಹಾವನ್ನು ಬಾಯಿಗಿಟ್ಟವನೇ ಅಂಗಳಕ್ಕೆ ಓಡಿ ವಾಂತಿ ಮಾಡಿದ. ಉಳಿದವರು ಲೋಟ ಕೆಳಗಿಟ್ಟು ಎದ್ದರು. ಮತ್ತೆ ಆ ಕಡೆಯಿಂದ ಸುದ್ದಿಯಿಲ್ಲ. ಆಲಿಸ್ ಆಮೇಲೆ ಕೈಗಳನ್ನು ಲಿಂಬೆಹುಳಿಯಲ್ಲಿ ಉಜ್ಜಿ ಉಜ್ಜಿ ಚರ್ಮ ಕಿತ್ತುಹೋಗಿದೆಯಂತೆ. ಅವಳಿಗೆ ತನ್ನ ಮೈಯೇ ನಾರುತ್ತದೆ ಎಂಬ ಅನುಮಾನ ಹಿಡಿದಿದೆ.

ಬಾಯಿ ಇದನ್ನು ನನ್ನಲ್ಲಿ ಹೇಳಿ ಅತ್ತರು. "ಯಾರಿಗೂ ಹೇಳಬೇಡ ದಾಮೋದರ, ಹುಡುಗಿಯ ಮಾನ" ಎಂದರು. ನೀನು ಮನೆಯವನೆಂದು ಬರೆದಿದ್ದೇನೆ. ನಿನ್ನೊಳಗೇ ಇರಲಿ.

ದಾಮೋದರ


ಬೊಂಬಾಯಿ
22 ನವೆಂಬರ್ 1984

ದಾಮು,

ಬರೆಯದೆ ತುಂಬ ಕಾಲವಾಯಿತು, ಕ್ಷಮಿಸು. ಇಲ್ಲಿ ಕೆಲಸ ಕುತ್ತಿಗೆಯವರೆಗೆ. ಗಂಟಲು ಹಾಗೆಯೇ ಉಂಟು.

ಬಾವಿಯ ವಿಷಯದಲ್ಲಿ ಅಪೊಲಿನ್ ಮಾವ್ಶಿ ಸರಕಾರಕ್ಕೆ ಅರ್ಜಿ ಹಾಕಿದರೆಂದು ಯಾರೋ ಹೇಳಿದರು. ಕೇಳಿ ಖುಷಿಯಾಯಿತು. ಅವರ ಜೊತೆ ಯಾರ್ಯಾರು ನಿಂತಿದ್ದಾರೆ? ಸುಮ್ಮನೆ ಕೇಳಿದೆ.

ಸ್ಟ್ಯಾನಿ


ಪರ್ಕಳ
10 ಡಿಸೆಂಬರ್ 1984

ಸ್ಟ್ಯಾನಿ,

ಬೊಂಬಾಯಿಯಲ್ಲಿ ಕೂತು ನಮ್ಮ ಬಾವಿಯ ಚಿಂತೆ ಮಾಡುತ್ತೀಯಲ್ಲ, ನಿನ್ನಂಥವನು ಇಲ್ಲಿರಬೇಕಿತ್ತು. ಇಲ್ಲಿಯವರನ್ನು ನೋಡಿದರೆ ಕಾರಿ ಉಗಿಯುವ ಎನಿಸುತ್ತದೆ. ನಾರುವ ನೀರು ಕುಡಿಯುತ್ತಾರೆ, ಧನಿಯ ಜೀಪು ಬಂದರೆ ಎದ್ದು ನಿಲ್ಲುತ್ತಾರೆ.

ಬಾಯಿಯ ಜೊತೆ ಗಟ್ಟಿ ನಿಂತವರು ಶಾಲೆಯ ಸುಭಾಷಿಣಿ ಟೀಚರ್ ಮತ್ತು ಮೀನು ಹೊರುವ ಬೂಬ. ಬೂಬನಿಗೆ ಸಂಜೆ ಒಂದು ಕುಪ್ಪಿ ಹೊಟ್ಟೆಗೆ ಬಿದ್ದ ಮೇಲೆ ಮಾತ್ರ ಧೈರ್ಯ, ಬೆಳಿಗ್ಗೆ ಕೈ ನಡುಗುತ್ತದೆ. ಆದರೂ ಸಾಕ್ಷಿ ಹೇಳುತ್ತೇನೆ ಎಂದಿದ್ದಾನೆ. ಸರಕಾರಿ ಸಾಹೇಬರು ಬಂದು ಬಾವಿ ನೋಡುವ ದಿನ ಇನ್ನೂ ಗೊತ್ತಾಗಿಲ್ಲ. ಅವತ್ತು ಓಣಿಯವರು ಎದುರು ನಿಂತು ಹೇಳಿದರೆ ಮೋರಿ ಮುಚ್ಚುತ್ತದೆ, ಬಾಯಿ ಒಬ್ಬರೇ ನಿಂತರೆ ಫೈಲು ಮುಚ್ಚುತ್ತದೆ.

ದಾಮೋದರ


ಬೊಂಬಾಯಿ
14 ಫೆಬ್ರವರಿ 1986

ದಾಮೂ!

ಕೂತಿದ್ದರೆ ಎದ್ದು ನಿಲ್ಲು. ಕಾಗೆ ಬರುತ್ತಿದೆ! ಸ್ವರ ಬಂದಿದೆ ಮಾರಾಯ. ಹೊಸ ಕ್ಯಾಸೆಟ್ ಮುಗಿಸಿದ್ದೇನೆ. ಕಂಬಳಿ ಕಟ್ಟಿದ ಕೋಣೆಯಲ್ಲಲ್ಲ, ಏ.ಸಿ. ಹಾಕಿದ ಸ್ಟುಡಿಯೋದಲ್ಲಿ. ಹೊದಿಕೆಯಲ್ಲಿ ನನ್ನ ಫೋಟೋ, ನನ್ನ ಹೆಸರು. ಇನ್ನು ಕದ್ದುಮುಚ್ಚಿ ಇಲ್ಲ.

ಆದರೆ ಊರಿಗೆ ತಲುಪಿಸಲು ನೀನೇ ಬೇಕು. ಬಸ್ಸಿನವರು, ಬೀಡಿ ಬ್ರಾಂಚಿನವರು, ಕೊಲ್ಲಿಯ ಮನೆಗಳು, ಎಲ್ಲರೂ ನಿನ್ನ ಕೈಯಿಂದ ಬಂದರೆ ಮಾತ್ರ ನಂಬುತ್ತಾರೆ. ಮಾಸ್ಟರ್ ಟೇಪ್ ಕಳಿಸುತ್ತೇನೆ. ನಕಲು ತೆಗೆದು ಏಪ್ರಿಲ್ ಒಳಗೆ ಹಂಚಿಬಿಡು. ಮಳೆಗಾಲಕ್ಕೆ ಮುಂಚೆ ಊರೆಲ್ಲ ಕೇಳಬೇಕು.

ನಿನ್ನ
ಸ್ಟ್ಯಾನಿ


ಪರ್ಕಳ
24 ಫೆಬ್ರವರಿ 1986

ಏ ಸ್ಟ್ಯಾನಿ,

ಕಾಗದ ಓದಿ ಅಂಗಡಿಯಲ್ಲೇ ಕುಣಿದೆ. ರಿಪೇರಿಗೆ ಬಂದ ಗಿರಾಕಿಯೊಬ್ಬರು ನನಗೆ ಕರೆಂಟ್ ಹೊಡೆಯಿತೆಂದು ಹೆದರಿ ಮೈನ್ ಸ್ವಿಚ್ ಆಫ್ ಮಾಡಿದರು.

ಸಾಹೇಬರು ಬಾವಿ ನೋಡಲು ಮೇ ತಿಂಗಳಲ್ಲಿ ಬರುತ್ತಾರೆಂದು ನೋಟೀಸು ಬಂದಿದೆ. ಎಷ್ಟು ಸರಿಯಾದ ಹೊತ್ತಿಗೆ ಬಾಯಿ ಬಿಟ್ಟೆ ನೀನು! ನಿನ್ನ ಒಂದು ಕ್ಯಾಸೆಟ್ ಕೇಳಿದರೆ ಈ ಹೇಡಿಗಳೂ ಬಾವಿಕಟ್ಟೆಗೆ ಬಂದಾರು. ನಿನ್ನ ಅಪ್ಪ ಗುಮಟೆಗೆ ಹೊಸ ಚರ್ಮ ಕಟ್ಟಿಸಿದ್ದಾರೆ. ನೀನು ಬಂದ ದಿನ ಬಾರಿಸಲಿಕ್ಕಂತೆ. ಬೇಗ ಕಳಿಸು.

ದಾಮು


ಪರ್ಕಳ
2 ಏಪ್ರಿಲ್ 1986

ಶ್ರೀ ಸ್ಟ್ಯಾನಿಸ್ಲಾಸ್ ಅವರಿಗೆ,

ನಿಮ್ಮ ಕ್ಯಾಸೆಟ್ ತಲುಪಿತು. ಅಂಚೆಯಲ್ಲಲ್ಲ, ಎಡ್ಮಂಡ್ ಧನಿಯ ಜೀಪಿನಲ್ಲಿ. ಡ್ರೈವರ್ ಕ್ಲಾರೆನ್ಸ್ ಪಾಪದವನು, ನಗುತ್ತ ಇಳಿದು, "ನಮ್ಮ ಬೊಂಬಾಯಿ ಆಫೀಸಿನ ಸ್ಟ್ಯಾನಿ ಸಾಹೇಬರು ಕೊಟ್ಟದ್ದು" ಎಂದ. ಯಾವ ಆಫೀಸು ಎಂದೆ. "ಧನಿಗಳ ಆಫೀಸು. ಊರು ಬಿಟ್ಟಂದಿನಿಂದ ಅವರು ಅಲ್ಲಿಯೇ ಅಲ್ವಾ? ನಿಮಗೆ ಗೊತ್ತಿಲ್ವಾ? ಬಾವಿಯ ಹಾಡು ನಿಲ್ಲಿಸಿದ್ದಕ್ಕೆ ಧನಿಗಳೇ ಕರೆದು ಕೊಟ್ಟ ಕೆಲಸ" ಎಂದ.

ಆದರೂ ನಾನು ನಂಬಲಿಲ್ಲ, ನೋಡು. ನಾನೊಬ್ಬ ಬೋಳೆಬಸವ. ನಿನ್ನ ಅಪ್ಪನನ್ನು ಕರೆಸಿ, ಒಳ್ಳೆಯ ಸ್ಪೀಕರಿಗೆ ಕೊಟ್ಟು, ಕ್ಯಾಸೆಟ್ ಹಾಕಿದೆ. ಗುಮಟೆ ಇಲ್ಲ, ಟಪ ಟಪ ಎಂದು ಯಾವುದೋ ಯಂತ್ರ. ಅದರ ಮೇಲೆ ನಿನ್ನ ಸ್ವರ, ಹೊಸ ಗಂಟೆಯ ಹಾಗೆ:

ಅಪೊಲಿನ್ ಮನೆ ಚಹಾಕ್ಕೆ ಸಲಾಂ,
ಕುಡಿದ ಮದುಮಗ ಓಡಿದ ಗುಲಾಂ,
ಬಾವಿಗೆ ಯಾಕೆ ಬೈತೀ ಬಾಯಿ,
ಮಗಳ ಮುಖವೇ ಒಣಗಿದ ಬೂತಾಯಿ.

ಮುಂದಿನದರಲ್ಲಿ ಬೂಬನ ಕುಪ್ಪಿ, ಬೂಬನ ನಡುಕ. ಅದರ ಮುಂದಿನದರಲ್ಲಿ ಸುಭಾಷಿಣಿ ಟೀಚರಿಗೆ ಮದುವೆ ಯಾಕಾಗಲಿಲ್ಲ ಎಂಬ ಕೊಳಕು. ಥೂ ನಿನ್ನ! ನಾನು ನಿನ್ನನ್ನು ನಂಬಿ ಬರೆದ ಒಂದೊಂದು ಮಾತನ್ನೂ ನೀನು ಧನಿಯ ಮೇಜಿನ ಮೇಲೆ ಇಟ್ಟೆ. ಪ್ರಾಸಕ್ಕಾದರೂ ಮರ್ಯಾದೆ ಕೊಟ್ಟೆಯಾ? ಆ "ಗುಲಾಂ" ಅಲ್ಲಿ ಯಾಕೆ ಬಂದ? ತುರುಕಿದ್ದು. ಮೊದಲು ನೀನು ಹಾಗೆ ತುರುಕುತ್ತಿರಲಿಲ್ಲ.

ನಿನ್ನ ಅಪ್ಪ ಪೂರ್ತಿ ಕೇಳಿದರು. ಕ್ಯಾಸೆಟ್ ನಿಂತ ಮೇಲೆ, "ಗಂಟಲು ಚೆನ್ನಾಗಿಯೇ ಉಂಟಲ್ಲ ಇವನದು" ಎಂದರು. ಮತ್ತೆ ಎದುರಿನ ಗೂಡಂಗಡಿಗೆ ಹೋಗಿ ಬೀಡಿ ಕೊಂಡು ಹಚ್ಚಿದರು.

ನನಗೆ ಆ ಕ್ಯಾಸೆಟ್ ಮುಟ್ಟಿದ ಕೈಯಲ್ಲಿ ಊಟ ಮಾಡಲಿಕ್ಕಾಗುತ್ತಿಲ್ಲ.

ದಾಮೋದರ


ಬೊಂಬಾಯಿ
13 ಏಪ್ರಿಲ್ 1986

ದಾಮು,

ನಿನ್ನ ಬೈಗುಳ ಓದಿದೆ. ಹಾಸ್ಯವನ್ನು ಹಾಸ್ಯವಾಗಿ ತೆಗೆದುಕೊಳ್ಳಬೇಕು ಮಾರಾಯ. ಮೊದಲು ಧನಿಗೆ ಬೈದಾಗ ನಕ್ಕವರು ಈಗ ತಮಗೆ ಬೈದಾಗಲೂ ನಗಬೇಕಲ್ವಾ?

ನೀನು ಒಂದು ಯೋಚನೆ ಮಾಡು. ನನ್ನ ಮಾತು ಬಸ್ಸಿನಲ್ಲಿ ಕುಣಿಯಿತು, ಕೊಲ್ಲಿಗೆ ಹಾರಿತು, ನಾನು ಮಾತ್ರ ಕಾಪುವಿನ ಗಲ್ಲಿಯಲ್ಲಿ ಹೆಸರಿಲ್ಲದೆ ಬಲೆ ಹೊಲಿಯುತ್ತಿದ್ದೆ. ಬೇರೆಯವರ ಅಳುವಿನ ಹಿಂಬದಿಯಲ್ಲಿ ಎಷ್ಟು ಕಾಲ ಇರಬೇಕು? ನನಗೂ ಒಂದು ಮುಂಬದಿ ಬೇಕಿತ್ತು. ಧನಿಗಳು ಕೊಟ್ಟರು. ನೀನು ಕೊಡುತ್ತಿದ್ದೆಯಾ? ನಿನಗೆ ಒಂದು ಸುಳ್ಳು ಹೇಳಿದ್ದು ಹೌದು, ಬೇರೆ ಉಪಾಯವಿರಲಿಲ್ಲ.

ನೀನು ನಕಲು ತೆಗೆಯದಿದ್ದರೆ ಉಡುಪಿಯಲ್ಲಿ ಮತ್ತೊಬ್ಬ ತೆಗೆಯುತ್ತಾನೆ. ನಿನ್ನ ಅಂಗಡಿಯ ಹೆಸರಿನಲ್ಲಿ ಹೋದರೆ ಒಳ್ಳೆಯದೆಂದು ಕೇಳಿದ್ದು ಅಷ್ಟೇ. ಖಾಲಿ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ಕ್ಲಾರೆನ್ಸ್ ತರುತ್ತಾನೆ.

ಸ್ಟ್ಯಾನಿ


ಪರ್ಕಳ
6 ಮೇ 1986

ಸ್ಟ್ಯಾನಿ,

ನೀನು ಹೇಳಿದ ಹಾಗೆ ಮಾಡಿದ್ದೇನೆ. ಧನಿಯ ಪೆಟ್ಟಿಗೆಯ ಅಷ್ಟೂ ಕ್ಯಾಸೆಟ್ಟುಗಳಿಗೆ ನಿನ್ನ ಹಾಡು ತುಂಬಿಸಿ, ಅಂಬಲಪಾಡಿಯಿಂದ ಕಾರ್ಕಳದವರೆಗೆ ಹಂಚಿದ್ದೇನೆ. ಒಂದು ಅಕ್ಷರ ಅಳಿಸಿಲ್ಲ. ನಿನ್ನ ಹಾಡೆಲ್ಲ ಮುಂಬದಿಯಲ್ಲೇ ಮುಗಿದು, ಹಿಂಬದಿ ಖಾಲಿ ಇತ್ತು. ಅಲ್ಲಿ ಎಂತ ತುಂಬಿಸಿದೆ ಎಂದು ನಾನೇ ಹೇಳಿಬಿಡುವುದು ಒಳ್ಳೆಯದು.

ಧನಿಯ ಜನರು ಮೊದಲೇ ಜೀಪಿನ ಮೈಕಿನಲ್ಲಿ ಚಹಾದ ಹಾಡು ಹಾಕಿಕೊಂಡು ಓಣಿ ಸುತ್ತಿದ್ದರು. ಮೀನು ಮಾರ್ಕೆಟಿನಲ್ಲಿ ಬಾಯಿಯ ಎದುರೇ ಜನ ನಕ್ಕರು. ಆಲಿಸ್ ಕೋಣೆಯ ಬಾಗಿಲು ಹಾಕಿಕೊಂಡಳು. ಬೂಬ ಕುಪ್ಪಿ ಮುಟ್ಟದೆಯೇ, ಹಗಲಿಗೇ ಬಂದು, "ನನ್ನಿಂದಾಗದು ದಾಮಣ್ಣ, ಸಾಹೇಬರು ಬರುವ ದಿನ ನಾನು ಸಮುದ್ರಕ್ಕೆ ಹೋಗುತ್ತೇನೆ" ಎಂದ. ಟೀಚರ್ ರಜೆ ಹಾಕಿದರು. ಬಾಯಿ ಒಬ್ಬರೇ ಉಳಿದರು. ಇದಕ್ಕೇ ಅಲ್ವಾ ಮಾಡಿಸಿದ್ದು?

ನಾನು ಬಾಯಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಆ ಚಹಾದ ಕಥೆ ನಿನಗೆ ತಲುಪಿದ್ದು ನನ್ನಿಂದ ಎಂದೂ ಹೇಳಿದೆ. ಪೊರಕೆ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಅವರು ನಿಧಾನಕ್ಕೆ ಎದ್ದು ಆಲಿಸಳ ಬಾಗಿಲು ತಟ್ಟಿ, "ಹೊರಗೆ ಬಾ ಮಗಾ, ರೋಸಿನ ಮನೆಯಲ್ಲಿ ಬೈದ ಹಾಗೆ ನಮಗೆ ಯಾರೋ ಬೈದಿದ್ದಾರೆ. ಉತ್ತರ ಕೊಡದೆ ಮಲಗುವುದಾ?" ಎಂದರು.

ನಿಮ್ಮ ಓಣಿಯ ಪದ್ಧತಿ ನಿನಗೆ ನಾನು ಹೇಳಬೇಕಾಗಿಲ್ಲ. ಮದುವೆಯ ಮುಂಚಿನ ರೋಸಿನ ದಿನ, ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಒಬ್ಬರ ಮೇಲೆ ಹಾಡು ಕಟ್ಟಿದರೆ, ಹೇಳಿಸಿಕೊಂಡವರಿಗೆ ಅಲ್ಲೇ ಉತ್ತರ ಹೇಳುವ ಹಕ್ಕುಂಟು. ಗುಮಟೆಯವನು ಬೈದವನಿಗೆ ಬಾರಿಸಿದ ಹಾಗೆಯೇ ಉತ್ತರಕ್ಕೂ ಬಾರಿಸಬೇಕು, ಯಾರ ಕಡೆಯವನಾದರೂ. ಬಾಯಿಯ ಅಂಗಳದಲ್ಲಿ ಟೇಪ್ ರೆಕಾರ್ಡರ್ ಇಟ್ಟೆ. ಕಂಬಳಿ ಗಿಂಬಳಿ ಎಂತದೂ ಇಲ್ಲ. ಕಾಗೆ ಕೂಗುವುದು, ಕೊಡಪಾನ ಬಾವಿಗೆ ಬಡಿಯುವುದು ಎಲ್ಲ ಬಂದಿದೆ. ಬಾಯಿ ಸೆರಗು ಸಿಕ್ಕಿಸಿ ನಿಂತು ಹೇಳಿದರು:

ಚಹಾ ಚೆಲ್ಲಿದವ ಎದ್ದು ಹೋದ,
ಉಣ್ಣುವಾಗ ಬಂದವ ಉಂಡು ಹೋದ,
ನನ್ನ ಬಾವಿಯ ನೀರಲ್ಲಿ ಬೆಳೆದ
ಹುಡುಗ ಧನಿಯ ತಟ್ಟೆ ತೊಳೆದ.

ಆಮೇಲೆ ಆಲಿಸ್ ಹೇಳಿದಳು. ಅವಳಲ್ಲಿ ಅಷ್ಟು ಖಾರ ಉಂಟೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಮೂಗು, ನಿನ್ನ ಏ.ಸಿ., ನಿನ್ನ ಫೋಟೋದ ಅಂಗಿಯ ಕಾಲರ್, ಯಾವುದನ್ನೂ ಬಿಡಲಿಲ್ಲ. ಓಣಿಯವರು ಒಬ್ಬೊಬ್ಬರೇ ಬೇಲಿಯ ಹತ್ತಿರ ಬಂದು ನಿಂತರು. ಬೂಬನೂ ಬಂದ. ತನ್ನ ಮೇಲಿನ ಹಾಡಿಗೆ ತಾನೇ ಉತ್ತರ ಕಟ್ಟಿ, ಎರಡನೆಯ ಸಾಲಿಗೆ ಮರೆತು, ಮೊದಲಿನಿಂದ ಹೇಳಿದ. ಜನ ಬಿದ್ದು ಬಿದ್ದು ನಕ್ಕರು, ಅವನ ಮೇಲಲ್ಲ.

ಗುಮಟೆ ಬಾರಿಸಿದ್ದು ಯಾರೆಂದು ಕೇಳಿದ ಕೂಡಲೇ ನಿನಗೆ ಗೊತ್ತಾಗುತ್ತದೆ.

ದಾಮೋದರ


ಬೊಂಬಾಯಿ
19 ಮೇ 1986

ದಾಮು,

ಧನಿಗಳು ನನ್ನನ್ನು ಕರೆಸಿ ಇಡೀ ಆಫೀಸಿನ ಎದುರು ಹಿಂಬದಿ ಹಾಕಿ ಕೇಳಿಸಿದರು. ಗುಮಾಸ್ತರೆಲ್ಲ ತಲೆ ತಗ್ಗಿಸಿ ನಗುತ್ತಿದ್ದರು. ನನ್ನ ಕೆಲಸ ಹೋಯಿತು ಎಂದೇ ಲೆಕ್ಕ.

ಮಾವ್ಶಿ ಬೈಯಲಿ, ಆಲಿಸ್ ಬೈಯಲಿ, ಅವರಿಗೆ ಹಕ್ಕುಂಟು. ಆದರೆ ಪಪ್ಪನ ಕೈ ಅದರಲ್ಲಿ ಬೇಡ. ಹೇಗಾದರೂ ಮಾಡಿ ಆ ಗುಮಟೆಯನ್ನು ತೆಗೆದುಬಿಡು. ನನ್ನ ಹಾಡಿಗೆ ಯಂತ್ರ, ಅವರ ಬೈಗುಳಕ್ಕೆ ಪಪ್ಪ. ಇದನ್ನು ಕೇಳಿ ನಿದ್ದೆ ಬರುವುದಿಲ್ಲ ನನಗೆ. ನೀನು ಅವರನ್ನು ಒತ್ತಾಯ ಮಾಡಿ ಕೂರಿಸಿದ್ದು ಅಲ್ವಾ? ಹೌದು ಎಂದು ಒಂದು ಸಾಲು ಬರೆ, ಸಾಕು.

ಸ್ಟ್ಯಾನಿ


ಪರ್ಕಳ
2 ಜೂನ್ 1986

ಸ್ಟ್ಯಾನಿ,

ಆ ಸಾಲು ಬರೆಯಲು ನನ್ನಿಂದಾಗದು. ಬೇಡ ಪೊರ್ಬುಗಳೇ, ನಿಮ್ಮ ಮಗನ ವಿಷಯ, ನೀವು ಮನೆಯಲ್ಲೇ ಇರಿ ಎಂದು ಕೈಮುಗಿದು ಹೇಳಿದವನು ನಾನು. ಅವರು ಕರೆಯದೆಯೇ ಬಂದು ಬಾವಿಕಟ್ಟೆಯಲ್ಲಿ ಕೂತರು. ಪೆಟ್ಟು ಒಂದೂ ತಪ್ಪಲಿಲ್ಲ. ಬಾಯಿ "ಉಂಡು ಹೋದ" ಎಂದಾಗ ಮಾತ್ರ ಕಣ್ಣು ಮುಚ್ಚಿಕೊಂಡರು. ಗುಮಟೆಯನ್ನು ಬೇರೆ ಮಾಡಿ ತೆಗೆಯುವ ಯಂತ್ರ ನನ್ನಲ್ಲಿಲ್ಲ. ಇದ್ದರೂ ತೆಗೆಯುತ್ತಿರಲಿಲ್ಲ.

ಸಾಹೇಬರು ಬಂದು ಹೋದರು. ಓಣಿಗೆ ಓಣಿಯೇ ಬಾವಿಕಟ್ಟೆಯ ಸುತ್ತ ನಿಂತಿತ್ತು. ಬೂಬ ಸಮುದ್ರಕ್ಕೆ ಹೋಗಲಿಲ್ಲ, ಟೀಚರ್ ರಜೆ ವಾಪಸು ತೆಗೆದುಕೊಂಡರು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ಮೋರಿ ಮುಚ್ಚಬೇಕೆಂದು ಆರ್ಡರ್ ಆಗಿ, ಮೊನ್ನೆ ಕಲ್ಲು ಹಾಕಿ ಮುಚ್ಚಿದರು. ಆದರೆ ಬಾವಿ ಅಷ್ಟು ಬೇಗ ಶುದ್ಧವಾಗುತ್ತದಾ? ನೀರಿನ ಮೇಲೆ ಈಗಲೂ ಎಣ್ಣೆ ತೇಲುತ್ತದೆ. ಬಗ್ಗಿ ನೋಡಿದರೆ ಹೊಟ್ಟೆಯೊಳಗಿನದು ಬಾಯಿಗೆ ಬರುತ್ತದೆ.

ಕೆಲಸ ಹೋದರೆ ಊರಿಗೆ ಬರುತ್ತೀಯೋ ಎಂತೋ, ನೀನು ಬರೆದಿಲ್ಲ. ಬಂದರೆ ನನ್ನ ಅಂಗಡಿಗೆ ಬರಬೇಡ. ನನಗೆ ನಿನ್ನ ಮುಖ ನೋಡುವ ಮನಸ್ಸಿಲ್ಲ. ಅಪೊಲೋನಿಯಾ ಬಾಯಿಗೆ ಅಂಥ ಸಿಟ್ಟಿಲ್ಲ. "ಬರಲಿ, ಈಗ ಸರದಿ ಅವನದು. ಅಂಗಳದಲ್ಲಿ ನಿಂತು ನಮಗೆ ಉತ್ತರ ಹೇಳಲಿ" ಎನ್ನುತ್ತಾರೆ. ನಿನ್ನ ಅಪ್ಪನೂ ಅದನ್ನೇ ಹೇಳಿದರು. ನೀನು ಉತ್ತರ ಹೇಳುವುದಾದರೆ ನಿನಗೂ ಬಾರಿಸುತ್ತಾರಂತೆ, ಅದೇ ಗುಮಟೆ, ಅದೇ ಪೆಟ್ಟು.

ಹೇಳಲು ಉತ್ತರ ಇಲ್ಲದವನು ಗೆದ್ದವರ ಕೈಯಿಂದ ಲೋಟ ತೆಗೆದುಕೊಂಡು, ಕೊಟ್ಟದ್ದನ್ನು ಎಲ್ಲರ ಎದುರು ಪೂರ್ತಿ ಕುಡಿಯಬೇಕು. ಅದೂ ನಿಮ್ಮ ಓಣಿಯ ಪದ್ಧತಿಯೇ ಅಂತೆ, ನನಗೆ ಈಗ ಗೊತ್ತಾಯಿತು. ರೋಸಿನ ಮನೆಯಲ್ಲಾದರೆ ಶೇಂದಿ ಕೊಡುತ್ತಾರೆ. ಬಾಯಿ ಬಾವಿಯಿಂದ ಒಂದು ಕೊಡಪಾನ ಸೇದಿ ಜಗಲಿಯಲ್ಲಿ ಇಟ್ಟಿದ್ದಾರೆ.

ಯಾವಾಗ ಬರುತ್ತೀ?

ದಾಮೋದರ